ಬೆರಳು ತೆಗೆದಾಗ

“ನನ್ನ ಮಗಳ್ನ ಆ ಬೋರಣ್ಣಂಗೆ…” ಎಂದು ಕ್ಯಾತಮ್ಮ ಉಸಿರೆಳೆದುಕೊಳ್ಳಲು ಕತ್ತಿನಿಂದ ಬೆರಳು ತೆಗೆದಳು. ಅವಳ ಗಂಡನ ಅಣ್ಣ ಮಾರಣ್ಣನಿಗೆ ಅಷ್ಟೇ ಸಾಕಾಯಿತು.

“ಕೊಡೋಕೆ ಒಪ್ಪವ್ಳೆ, ಗೌಡ್ರೇ. ಪಾಪ, ಪೂರಾ ಮಾತಾಡೋಕೆ ಆಗಾಕಿಲ್ಲ ಅವಳ್ಗೆ.”

ಗುಡಿ ಮುಂದೆ ಕಂಬಳಿಯ ಮೇಲೆ ಕೂತಿದ್ದ ಕುಲದ ಗೌಡ ತಿಪ್ಪಯ್ಯ ತಲೆಯಾಡಿಸಿದ. ಕಳ್ಳಂಬೆಳ್ಳದ ಕೆರೆಯಾಚೆಯ ಆ ಕುರಿಹಟ್ಟಿಯಲ್ಲಿ, ಹೆಣ್ಣು ಹೆತ್ತವಳನ್ನು ಮೂರು ಸಲ ಕೇಳಿ, ಅವಳ ಬಾಯಿಂದ ಒಪ್ಪಿಗೆ ಪಡೆದೇ ವೀಳ್ಯ ಬದಲಾಯಿಸಬೇಕು. ಬದಲಾಯಿಸಿದ ಮೇಲೆ ಯಾರು ಬಡಿದುಕೊಂಡರೂ ಮಾತು ಹಿಂದೆ ಹೋಗುವುದಿಲ್ಲ. ಈಗ ಒಂದು ಸಲ ಕೇಳಿ ಆಗಿತ್ತು.

ಬಲಸಮುದ್ರದಿಂದ ಬಂದಿದ್ದ ಬೋರಣ್ಣ ವೀಳ್ಯದ ತಟ್ಟೆ ಮುಂದಿಟ್ಟುಕೊಂಡು ಮೀಸೆ ತೀಡುತ್ತಿದ್ದ. ಇಬ್ಬರು ಹೆಂಡಿರನ್ನು ಮಣ್ಣಿಗಿಟ್ಟವನು. ಎರಡನೆಯವಳು ಹಸಿ ಬಾಣಂತಿ, ಇವನ ಏಟಿಗೇ ಸತ್ತಳೆಂಬುದು ಸಿರಾ ಸಂತೆಯಲ್ಲಿ ಕುರಿ ಮಾರುವವರಿಗೆಲ್ಲ ಗೊತ್ತು. ಮಾರಣ್ಣನಿಗೂ ಗೊತ್ತಿತ್ತು. ಆದರೆ ಅವನಿಗೊಬ್ಬ ಕುಡುಕ ಮಗನಿದ್ದ, ಬೋರಣ್ಣನಿಗೊಬ್ಬಳು ತಂಗಿ ಇದ್ದಳು. ತಮ್ಮನ ಮಗಳು ಈರಿಯನ್ನು ಅತ್ತ ತಳ್ಳಿದರೆ ಆ ತಂಗಿ ಇತ್ತ ಸೊಸೆಯಾಗಿ ಬರುತ್ತಾಳೆ. ಅಪ್ಪನಿಲ್ಲದ ಹುಡುಗಿ, ಕೇಳುವವರು ಯಾರು ಎಂಬ ಧೈರ್ಯ ಆ ಮನುಷ್ಯನಿಗೆ.

ಕೇಳಬೇಕಾದವಳ ಕತ್ತಿನಲ್ಲಿ ಬೆಳ್ಳಿಯ ನಳಿಗೆಯಿತ್ತು. ಹೋದ ವರ್ಷ ಗಂಟಲು ಬಾತು ಉಸಿರು ಕಟ್ಟಿದಾಗ ತವರಿನ ತಮ್ಮ ಅವಳನ್ನು ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಹೊತ್ತೊಯ್ದಿದ್ದ. ಅಲ್ಲಿಯ ಡಾಕ್ಟರು ದನಿಪೆಟ್ಟಿಗೆಯ ಕೆಳಗೆ ಉಸಿರಿನ ಕೊಳವೆಗೆ ತೂತು ಕೊರೆದು ನಳಿಗೆ ಕೂರಿಸಿದರು. ಎದೆಯಿಂದ ಮೇಲೇರುವ ಗಾಳಿ ಪೆಟ್ಟಿಗೆಯೊಳಗಿನ ಎರಡು ಪೊರೆಗಳನ್ನು ಅದುರಿಸಿದರೇ ದನಿ ಹುಟ್ಟುವುದು, ನಿನ್ನ ಗಾಳಿ ಈಗ ಕೆಳಗೇ ಸೋರಿಹೋಗುತ್ತದೆ, ಬೆರಳಿಟ್ಟು ಒತ್ತಿದರೆ ಉಳಿದಿರುವ ಸಣ್ಣ ಸಂದಿಯಲ್ಲಿ ಮೇಲೇರೀತು ಎಂದು ಬಿಡಿಸಿ ಹೇಳಿದ್ದರು. ಮಾತಿಗೆ ಮುಚ್ಚಬೇಕು, ಉಸಿರಿಗೆ ತೆರೆಯಬೇಕು. ಕೊಯ್ದ ಕುರಿಯ ಗಂಟಲನ್ನು ಉಂಗುರ ಉಂಗುರವಾಗಿ ಕೈಯಲ್ಲಿ ಹಿಡಿದು ತೊಳೆದವಳಿಗೆ ಅದೇನೂ ಕಷ್ಟದ ಪಾಠವಾಗಿರಲಿಲ್ಲ.

ಕಷ್ಟವಾಗಿದ್ದು ಜನ. ಮೂರು ನಾಲ್ಕು ಮಾತಿಗೊಮ್ಮೆ ಅವಳು ನಿಲ್ಲಲೇಬೇಕು, ನಿಂತಾಗಲೆಲ್ಲ ಯಾರೋ ಒಬ್ಬರು ನುಗ್ಗುತ್ತಿದ್ದರು. ಹೊಲದ ಬದುವಿನ ಜಗಳದಲ್ಲಿ “ಆ ಬದು” ಎಂದು ಉಸಿರಿಗೆ ನಿಂತರೆ, “ಬ್ಯಾಡ ಅಂತಾವ್ಳೆ” ಎಂದು ಮುಗಿಸಿ ಮಾರಣ್ಣ ಅಲ್ಲಿಗೆ ನೇಗಿಲು ಹೂಡಿದ್ದ. ಮೂಗಿಯಾಗಿದ್ದರೆ ಜನ ಕೈಸನ್ನೆಯನ್ನಾದರೂ ನೋಡುತ್ತಿದ್ದರು. ಅರ್ಧ ಮಾತಾಡುವವಳ ಉಳಿದರ್ಧ ಊರವರ ಸೊತ್ತಾಗಿ ಹೋಗಿತ್ತು.

ಗೌಡ ಎರಡನೆಯ ಸಲ ಕೇಳಿದ. ಕ್ಯಾತಮ್ಮ ಬೆರಳು ಒತ್ತಿದಳು.

“ಬಾವ ಹೇಳಿದ್ದು…”

“ಸರಿ ಅಂತಾವ್ಳೆ” ಎಂದ ಮಾರಣ್ಣ. ಯಾರೋ ಕಿಸಕ್ಕನೆ ನಕ್ಕರು. ಬೋರಣ್ಣ ತಟ್ಟೆಯನ್ನು ಕೈಗೆತ್ತಿಕೊಂಡ.

ಹೆಂಗಸರ ಗುಂಪಿನ ಹಿಂದೆ ಈರಿ ಗೋಡೆಗೆ ಮುಖ ಮಾಡಿ ನಿಂತಿದ್ದಳು. ಮಗಳ ಬೆನ್ನು ನೋಡುತ್ತಿದ್ದಂತೆ ಕ್ಯಾತಮ್ಮನಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿ ಹತ್ತಿತು. ಇವರ ಬಾಯಿಗೆ ಮಣ್ಣು ಬೀಳ, ನನ್ನ ಉಸಿರಿನ ಸಂದಿಯಲ್ಲಿ ನನ್ನ ಮಗಳನ್ನು ಕೊಂದುಬಿಡುತ್ತಾರೆ ಅನ್ನಿಸಿತು. ಗೌಡ ಮೂರನೆಯ ಸಲ ಕೇಳುವ ಮೊದಲೇ ಅವಳು ಎದ್ದಳು. ಇಪ್ಪತ್ತು ವರ್ಷ ಬಾವನೆದುರು ಸೆರಗು ಜಾರಗೊಡದ ಹೆಂಗಸು ನೆಟ್ಟಗೆ ಹೋಗಿ ಎಡಗೈಯಿಂದ ಅವನ ಬಾಯಿ ಅದುಮಿ, ಅವನ ತಲೆಯನ್ನು ಗುಡಿಯ ಕಂಬಕ್ಕೆ ಒತ್ತಿ ಹಿಡಿದಳು. ರುಮಾಲು ಕೆಳಗೆ ಬಿತ್ತು. ಬಲಗೈಯ ಬೆರಳನ್ನು ನಳಿಗೆಗೆ ಒತ್ತಿದಳು.

“ನನ್ನ ಮಗಳ್ನ ಕೊಡಾಕಿಲ್ಲ.”

ಬೆರಳು ತೆಗೆದಳು. ಸುಂಯ್ ಎಂದು ಗಾಳಿ ಒಳಗೆ ಹೋಯಿತು. ಅಂಗೈಯಡಿ ಮಾರಣ್ಣ ಬುಸುಗುಟ್ಟಿ ಕೊಸರಾಡಿದ. ಅವಳು ಇನ್ನಷ್ಟು ಅದುಮಿದಳು. ಹಟ್ಟಿಯೇ ಎದ್ದು ನಿಂತಿತು, ಗೌಡ ಗದರಿದ.

“ಬುಡಮ್ಮ ಕೈಯ. ನಿಂಗೆ ಬಾವ ಆಗ್ಬೇಕು ಅವ್ನು.”

“ಬುಡ್ತೀನಿ” ಎಂದಳು. ಉಸಿರೆಳೆದಳು. “ನನ್ ಮಾತು ಮುಗೀಲಿ.”

ಮತ್ತೆ ಉಸಿರು. ಬೋರಣ್ಣನತ್ತ ಮುಖ ತಿರುಗಿಸಿದಳು.

“ಎರಡು ಹೆಣ್ಣು ತಿಂದವ್ನೆ ಈ ಮನ್ಸ. ನಿಮ್ಗೆಲ್ಲಾ ಗೊತ್ತೈತೆ. ಗೊತ್ತಿದ್ದೂ ಎಲೆ ಅಡಿಕೆ ಮೆಲ್ಲೋಕೆ ಬಂದು ಕುಂತಿದೀರ.”

ಇಷ್ಟನ್ನೂ ಒಂದೇ ಉಸಿರಿಗೆ ಎಳೆದಿದ್ದರಿಂದ ಕಣ್ಣು ಕತ್ತಲಿಟ್ಟು, ಕೆಮ್ಮು ಒತ್ತರಿಸಿ ಬಂತು. ನಳಿಗೆಯ ಬಾಯಿಗೆ ಕಫ ಕಟ್ಟಿತು. ಬಲಗೈಯಲ್ಲೇ ಸೆರಗು ಎಳೆದು ಒರೆಸಿಕೊಂಡಳು. ಎಡಗೈ ಮಾತ್ರ ಸಡಿಲಿಸಲಿಲ್ಲ. ಮಾರಣ್ಣನೂ ಕೊಸರಾಡುವುದನ್ನು ಬಿಟ್ಟಿದ್ದ.

ಅವಳದು ಇನ್ನೂ ಮುಗಿದಿರಲಿಲ್ಲ. ಅದು ಎಲ್ಲರಿಗೂ ಕಾಣುತ್ತಿತ್ತು. ಗೌಡ ಬಾಯಿ ತೆರೆದ, ಅವಳ ಕತ್ತನ್ನು ನೋಡಿದ, ಸುಮ್ಮನೆ ಕಂಬಳಿಯ ಮೇಲೆ ಕೂತ. ನಿಂತಿದ್ದವರೂ ಒಬ್ಬೊಬ್ಬರಾಗಿ ಕೂತರು. ಈರಿ ಗೋಡೆಯಿಂದ ಇತ್ತ ತಿರುಗಿದಳು.

ಕ್ಯಾತಮ್ಮ ನಿಧಾನವಾಗಿ ಉಸಿರೆಳೆದುಕೊಂಡಳು. ಅದು ಎದೆ ತುಂಬುವವರೆಗೂ ಆ ಹಟ್ಟಿಯಲ್ಲಿ ಯಾರೂ ತುಟಿ ಎರಡು ಮಾಡಲಿಲ್ಲ.