ಫೋಲ್ಡರಿನ ಮಾಲೀಕ

ಅವತ್ತು ಸೋದರಮಾವನ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಕೃತಕ ಕಾಲು ಮಾಡುವ ನಮ್ಮ ಕಾರ್ಯಾಗಾರದಲ್ಲಿ ಮೂವತ್ತು ವರ್ಷ ಕೈಯಲ್ಲೇ ಅಚ್ಚು ಕೆತ್ತಿದವನು ಅವನು. ಕೈ ನಡುಗತೊಡಗಿದ ಮೇಲೆ ಹಟ ಹಿಡಿದು ಕಂಪ್ಯೂಟರಿನಲ್ಲಿ ಅಚ್ಚು ಬಿಡಿಸಲು ಕಲಿತ. ಅಲ್ಲಿನ ಕಂಪ್ಯೂಟರುಗಳ ಜಾಲ ನೋಡಿಕೊಳ್ಳುವವಳು ನಾನು. ಹುಷಾರು, ಹುಷಾರು ಅಂತ ಎಷ್ಟು ಬಡಕೊಂಡಿದ್ದೆ! ಆದರೂ ಪುಣ್ಯಾತ್ಮ, ನಮ್ಮಲ್ಲಿ ಕಾಲು ಮಾಡಿಸುತ್ತಿದ್ದ ಊರ ಅಂಚೆಯವರ ಬಲಗಾಲಿನ ಫೈಲಿನ ಮೇಲೆ ಇನ್ಯಾರದೋ ಎಡಗಾಲು ಸೇವ್ ಮಾಡಿಬಿಟ್ಟಿದ್ದ. ಯಂತ್ರ ಬೆಳಿಗ್ಗೆ ಅದನ್ನೇ ಕೊರೆದಿಟ್ಟಿತ್ತು.

"ಇನ್ಮೇಲೆ ಅಚ್ಚಿನ ಫೋಲ್ಡರನ್ನ ಅವರು ನೋಡಲಿ ಸಾಕು, ಮುಟ್ಟೋದು ಬೇಡ," ಅಂದರು ಕಾರ್ಯಾಗಾರದ ಒಡತಿ ಮೇಡಂ.

ಮುಟ್ಟಬಾರದು ಅಂದರೆ ಮಾವನಿಗೆ ಕೆಲಸವೇ ಇಲ್ಲ ಅಂತ ಅರ್ಥ. ಅವನು ಹೋಗಿ ಹೊರಗಿನ ಬೆಂಚಿನ ಮೇಲೆ ಕೂತ. ನನಗೆ ಸಂಕಟ, ಸಂಕಟಕ್ಕೆ ಇನ್ನಷ್ಟು ಸಿಟ್ಟು.

ಅದೇ ಸಿಟ್ಟಿನಲ್ಲಿ ಅನುಮತಿಗಳ ಪಟ್ಟಿ ತೆರೆದೆ. ಮೊದಲು ಎಲ್ಲರಿಗೂ ಬಾಗಿಲು ಹಾಕಿ, ಆಮೇಲೆ ಬೇಕಾದವರಿಗೆ ತೆಗೆಯೋಣ ಅಂದುಕೊಂಡು 'ಎಲ್ಲರೂ' ಎಂಬುದರ ಮುಂದೆ 'ನಿರಾಕರಿಸು' ಒತ್ತಿದೆ. ಮನೆಯಲ್ಲಿ "ಎಲ್ಲರೂ ಬಾಯಿ ಮುಚ್ಚಿ" ಅಂತ ಕೂಗುವವಳು ತನ್ನ ಬಾಯನ್ನು ಲೆಕ್ಕಕ್ಕೆ ಹಿಡಿಯುತ್ತಾಳೆಯೇ? ಕಂಪ್ಯೂಟರು ಹಿಡಿಯುತ್ತದೆ. ಆಮೇಲೆ ಯಾರ್ಯಾರಿಗೆ ಅನುಮತಿ ಬರೆದರೂ ಆ ನಿರಾಕರಣೆಯದೇ ಮೇಲುಗೈ. ಫೋಲ್ಡರು ನನಗೂ ಮುಚ್ಚಿತು, ಕೊರೆಯುವ ಯಂತ್ರಕ್ಕೂ ಮುಚ್ಚಿತು.

"ಏನೇ ಇದು? ಸಂಜೆ ಐದಕ್ಕೆ ಅಂಚೆಯವರು ಅಚ್ಚಿನ ಅಳತೆ ನೋಡ್ಸೋಕೆ ಬರ್ತಾರೆ! ಮಾಲೀಕಳು ನಾನು, ನಂಗೂ ತೆಗೆಯಲ್ಲ ಅಂದ್ರೆ?" ಮೇಡಂ ಕಿರುಚಿದರು.

ಪರದೆಯಲ್ಲಿ 'ಮಾಲೀಕ' ಎಂಬಲ್ಲಿ ಮಾವನ ಹೆಸರಿತ್ತು. ಆ ಫೋಲ್ಡರನ್ನು ಮೊದಲು ಮಾಡಿದವನು ಅವನೇ. ಎಲ್ಲರಿಗೂ ಮುಚ್ಚಿದರೂ ಅನುಮತಿ ಬದಲಿಸುವ ಹಕ್ಕು ಮಾಲೀಕನಿಗೆ ಇದ್ದೇ ಇರುತ್ತದೆ.

"ಮಾಲೀಕರು ನೀವಲ್ಲ ಮೇಡಂ," ಅಂದೆ. "ಹೊರಗೆ ಬೆಂಚಿನ ಮೇಲೆ ಕೂತಿದ್ದಾರೆ."

ಮಾಲೀಕತ್ವವನ್ನೇ ಕಿತ್ತುಕೊಳ್ಳುವ ಅಧಿಕಾರ ನನಗಿತ್ತು. ಅವನ ಹೆಸರು ಹೋಗಿ ನನ್ನ ಹೆಸರು ಬರುತ್ತಿತ್ತು, ಅಷ್ಟೆ. ಬೆರಳು ಅಲ್ಲಿಯವರೆಗೂ ಹೋಯಿತು. ಛೇ, ನನಗೇ ನಾಚಿಕೆಯಾಯಿತು. ಎದ್ದು ಹೊರಗೆ ಹೋದೆ.

"ಮಾವ, ನಾನೊಂದು ಎಡವಟ್ಟು ಮಾಡ್ಕೊಂಡೆ. ನೀನೇ ಬಂದು ಬಿಡಿಸಬೇಕು."

"ನಾನಾ? ಎಡ ಬಲ ಗೊತ್ತಿಲ್ಲದವನು?"

"ಬಾ ಮಾರಾಯ, ಆಮೇಲೆ ಬೈಯುವಂತೆ."

ಬಂದ. ನಡುಗುವ ಬಲಗೈಯನ್ನು ಎಡಗೈಯಲ್ಲಿ ಒತ್ತಿ ಹಿಡಿದು 'ಎಲ್ಲರೂ' ಮುಂದಿದ್ದ ಗುರುತು ತೆಗೆದ. ಫೋಲ್ಡರು ತೆರೆಯಿತು. ಯಾರೂ ಹೇಳದೆಯೇ ಅಂಚೆಯವರ ಅಳತೆಯ ಹಾಳೆ ತರಿಸಿಕೊಂಡು ಬಲಗಾಲನ್ನು ಮತ್ತೆ ಬಿಡಿಸಲು ಕೂತ. ಮೇಡಂ ಬೆನ್ನ ಹಿಂದೆಯೇ ನಿಂತು ನೋಡಿದರು. ಮಂಡಿಯ ಕೆಳಗಿನ ತಿರುವನ್ನು ಅವನು ತಿದ್ದಿದ ರೀತಿಗೆ ಅವರ ಸಿಟ್ಟೆಲ್ಲ ಇಳಿದುಹೋಯಿತು.

"ತಪ್ಪಾದ್ರೆ ಹಳೇದು ವಾಪಸ್ ಸಿಗೋ ಹಾಗೆ ಮಾಡಕ್ಕಾಗಲ್ವೇನೇ?" ನನ್ನನ್ನು ಕೇಳಿದರು.

"ಆಗುತ್ತೆ. ಮೊದಲೇ ಮಾಡಬೇಕಿತ್ತು, ನಂದೇ ತಪ್ಪು."

"ಹಾಗಾದ್ರೆ ಅದನ್ನ ಮಾಡು. ಇವರ ಅನುಮತಿ ಇದ್ದ ಹಾಗೇ ಇರಲಿ."

ಐದಕ್ಕೆ ಹತ್ತು ನಿಮಿಷ ಇರುವಾಗ ಬಲಗಾಲಿನ ಅಚ್ಚು ಯಂತ್ರದಿಂದ ಇಳಿಯಿತು. ಮಾವ ಏಳಲಿಲ್ಲ. ಪಟ್ಟಿಯಲ್ಲಿ ನನ್ನ ಹೆಸರು ಹುಡುಕಿ, ಅದರ ಮುಂದೆ ಪೂರ್ತಿ ಅಧಿಕಾರದ ಗುರುತು ಹಾಕಿದ.

"ತಪ್ಪು ಮಾಡಿದ್ರೆ ತಿದ್ದು, ಬೈಯಿ," ಅಂದ. "ಹೊರಗೆ ಮಾತ್ರ ಕೂರಿಸಬೇಡ ಕಣೇ."

ಕಣ್ಣು ತುಂಬಿ ನನಗೆ ಪರದೆಯೇ ಕಾಣಲಿಲ್ಲ. "ಇಲ್ಲ ಮಾವ," ಅಂದೆ.