ಮೂರನೆಯ ಕೈ

"ಥೂ ಚಂಡಾಲ! ದೇವರ ತೀರ್ಥ ಹರಿಯೋ ಜಾಗಕ್ಕೆ ಉಗೀತಿದ್ದೀಯೇನೋ?"

ಅರ್ಚಕರ ಕೂಗಿಗೆ ಆಂಜಿನಪ್ಪ ಬಾವನ ಸುತ್ತಿಗೆ ನಿಂತಿತು. ಬಾಯಿ ತುಂಬ ನೀರಿದ್ದುದರಿಂದ ಅವನು ಉತ್ತರ ಕೊಡಲಾರದೆ ಕಣ್ಣುಬಿಟ್ಟ.

ಹೋಳೂರಿನ ದಾರಿಯಲ್ಲಿ ಕೋದಂಡರಾಮಪ್ಪ ಕಟ್ಟಿಸುತ್ತಿದ್ದ ಈಶ್ವರನ ಗುಡಿ ಅದು. ಅವರಿಗೆ ಶ್ರೀನಿವಾಸಪುರದಲ್ಲಿ ಮಾವಿನ ಮಂಡಿ. ನಾವು ಕಲ್ಲು ಒಡೆದು ಬದುಕುವ ಬಂಡೆಯ ಗುತ್ತಿಗೆಯೂ ಅವರದೇ. ಭಕ್ತರ ಪಾದಧೂಳಿ ಬೀಳಲೆಂದು ಮೊದಲ ಮೆಟ್ಟಿಲ ಮೇಲೆ ಅವರ ಹೆಸರನ್ನು ಕೆತ್ತಿದವನು ಬಾವನೇ. ಮರುದಿನ ಪ್ರತಿಷ್ಠೆ, ಅಭಿಷೇಕದ ನೀರು ಹೊರಬೀಳುವ ಕಂಡಿಯೊಂದು ಬಾಕಿಯಿತ್ತು. ಗರ್ಭಗುಡಿಗೆ ಮಿಷನ್ನಿನ ಸದ್ದು ಸಲ್ಲದು, ಉಳಿಯಿಂದಲೇ ಕೊರೆಯಬೇಕೆಂದು ವಿಧಿಸಿದವರು ಅರ್ಚಕರು.

ಒಳಗಿನ ನೀರು ಇಳಿದು ಬರಲೆಂದು ಕಂಡಿಯನ್ನು ಹೊರಗಿನಿಂದ ಮೇಲ್ಮುಖವಾಗಿ ಕೊರೆಯಬೇಕು. ಆಳಕ್ಕೆ ಹೋದಷ್ಟೂ ಕಲ್ಲಿನ ಹಿಟ್ಟು ಒಳಗೇ ಗಡುಸಾಗಿ ಉಳಿಯನ್ನು ಕಚ್ಚುತ್ತದೆ. ಚೊಂಬಿನಿಂದ ಹೊಯ್ದ ನೀರು ಏರುವುದಿಲ್ಲ. ಎಡಗೈಯಲ್ಲಿ ಉಳಿ, ಬಲಗೈಯಲ್ಲಿ ಸುತ್ತಿಗೆ. ಬಾಯಿಯ ನೀರನ್ನು ಸಣ್ಣ ಧಾರೆಯಾಗಿ ಬಿಟ್ಟರೆ ಹಿಟ್ಟು ಗಂಜಿಯಾಗಿ ಕೆಳಗಿಳಿಯುತ್ತದೆ. ನಮ್ಮವರು ಬಾಯಿಯನ್ನು ಮೂರನೆಯ ಕೈ ಎನ್ನುತ್ತಾರೆ.

ಕೋದಂಡರಾಮಪ್ಪ ಎಲೆಯಡಿಕೆ ಜಗಿಯುತ್ತ ಬಂದರು. ನನ್ನ ಅಕ್ಕ ಬಚ್ಚಮ್ಮ ಗುಡ್ಡೆ ಮಾಡಿದ್ದ ಚಕ್ಕೆಕಲ್ಲಿನ ಮೇಲೆ ಪಿಚಕ್ಕನೆ ಉಗಿದರು. ಕೆಂಪು ರಸ ಅವಳ ಬೆರಳುಗಳಿಗೂ ಸಿಡಿಯಿತು.

"ಏನ್ಲಾ ಆಂಜಿ, ನಿಮ್ಮನೆ ಬಚ್ಚಲು ಅಂದ್ಕೊಂಡ್ಯಾ?"

ಬಾವ ನೀರು ಚೆಲ್ಲಿ ಎದ್ದು ನಿಂತ. "ಉಗುಳಲ್ಲಣ್ಣಾ, ನೀರು. ಹಿಂಗೆ ಬಿಡ್ದಿದ್ರೆ ಉಳಿ ಆಡಲ್ಲ."

"ಬಾಯಿಂದ ಬಂದ್ಮೇಲೆ ಎಂಜಲೇ ಕಣೋ ಬೋಳೀಮಗನೆ."

"ಪರಿಹಾರ ಇದೆ," ಎಂದರು ಅರ್ಚಕರು. "ಬಾಯಿ ಶುದ್ಧವಾದರೆ ನೀರೂ ಶುದ್ಧ."

ಕೋದಂಡರಾಮಪ್ಪನವರ ಡ್ರೈವರ್ ನರೇಶ್ ತಾಮ್ರದ ಚೊಂಬು ತಂದಿಟ್ಟ. ಗುಡಿಯ ಶುದ್ಧಿಗೆಂದು ಹಿಂದಿನ ದಿನ ಹಿಡಿದಿಟ್ಟ ಗಂಜಲ. ನೊರೆಯ ಮೇಲೆ ದನದ ಕೂದಲು, ಕಾಲು ಬಡಿಯುತ್ತಿದ್ದ ಒಂದು ನೊಣ.

"ಮುಕ್ಕಳ್ಸಿ ಅದನ್ನೇ ಒಳಕ್ಕೆ ಬಿಡು," ಕೋದಂಡರಾಮಪ್ಪ ನಕ್ಕರು. "ಕಂಡೀನೂ ಶುದ್ಧ, ನೀನೂ ಶುದ್ಧ."

"ನಿಮ್ ಬಾಯಿಗೆ ಮೊದ್ಲು ಹುಯ್ಕಳ್ರಣ್ಣಾ," ಎಂದಳು ಅಕ್ಕ.

"ಬಾಯಿ ಮುಚ್ಚೇ! ಆಗಲ್ಲ ಅಂದ್ರೆ ನಾಳೆಯಿಂದ ನಿಮ್ ಹಟ್ಟಿಯೋರು ಒಬ್ರೂ ನನ್ ಬಂಡೆ ಹತ್ತಂಗಿಲ್ಲ."

ಬಾವ ನಮ್ಮೆಲ್ಲರ ಮುಖ ನೋಡಿದ. ಬಂಡೆಯ ಹೊರತು ನಮ್ಮ ಹಟ್ಟಿಗೆ ಬೇರೆ ಅನ್ನವಿಲ್ಲ. ಚೊಂಬೆತ್ತಿದ. ಕೆನ್ನೆಗಳು ಉಬ್ಬಿದವು. ನರೇಶ್ ಮೊಬೈಲ್ ಹಿಡಿದು ಹತ್ತಿರ ಸರಿದ. ಅಷ್ಟರಲ್ಲಿ ವರ್ಷಗಳ ಕಲ್ಲುಧೂಳು ಬಾವನ ಎದೆಯೊಳಗೆ ಎದ್ದಿತು. ಕೆಮ್ಮು ಒತ್ತರಿಸಿ, ಗಂಜಲ ಮೂಗಿನಲ್ಲಿ ಬಂತು, ಗಂಟಲಿಗೂ ಇಳಿಯಿತು. ಬೆಳಿಗ್ಗೆ ತಿಂದ ಮುದ್ದೆಯೆಲ್ಲ ಕಾರಿಕೊಂಡ.

"ಒಳಗೂ ಶುದ್ಧ ಆಯ್ತು ನೋಡ್ರಿ!" ನರೇಶನ ಮಾತಿಗೆ ಅರ್ಚಕರೂ ಹಲ್ಲುಬಿಟ್ಟರು.

ಬಾವ ಉಳಿಯನ್ನು ಒರೆಸಿದ, ಗೋಣಿಯಲ್ಲಿ ಸುತ್ತಿದ, ನಡೆದುಬಿಟ್ಟ. ಗೋಡೆಯಲ್ಲಿ ಇನ್ನೂ ನಾಲ್ಕು ಬೆರಳಿನಷ್ಟು ಕಲ್ಲು ಉಳಿದಿತ್ತು. "ನೀನ್ ಮುಗ್ಸೋ," ಎಂದು ಕೋದಂಡರಾಮಪ್ಪ ನನಗೆ ಹೇಳಿದರು. ನಾನೂ ಬಾವನ ಹಿಂದೆ ನಡೆದೆ.

ಮುಹೂರ್ತ ಮೀರುವಂತಿರಲಿಲ್ಲ. ಮರುದಿನ ಲಿಂಗದ ಮೇಲೆ ಹಾಲು, ಮೊಸರು, ತುಪ್ಪ, ಜೇನು, ಕಿವುಚಿದ ಬಾಳೆಹಣ್ಣು, ಕೊಡಗಟ್ಟಲೆ ನೀರು ಸುರಿದರು. ತಗ್ಗಾದ ಗರ್ಭಗುಡಿಯಿಂದ ಅದಾವುದಕ್ಕೂ ದಾರಿಯಿರಲಿಲ್ಲ. ಮಧ್ಯಾಹ್ನದ ಬಿಸಿಲಿಗೆ ಕಲ್ಲು ಕಾದು, ಹಾಲು ಒಡೆದು, ಹುಳಿನಾತ ರಸ್ತೆಗೂ ಹಬ್ಬಿತು.

ನರೇಶ್ ಬೈಕಿನಲ್ಲಿ ಬಂದ. "ಆಂಜಿನಪ್ಪಣ್ಣಾ, ಬರ್ಬೇಕಂತೆ." ನಿನ್ನೆ ಅವನ ಬಾಯಲ್ಲಿ ಈ 'ಅಣ್ಣ' ಇರಲಿಲ್ಲ.

ಬಾವ ಹೊರಟ, ನಾವೂ ಹೋದೆವು. ಅರ್ಚಕರು ಪಂಚೆ ಎತ್ತಿಕಟ್ಟಿ, ಮೂಗಿಗೆ ಉತ್ತರೀಯ ಒತ್ತಿ ಹೊರಬಂದರು. ಕಾಲ್ಬೆರಳ ಸಂದಿನಲ್ಲಿ ಒಡೆದ ಹಾಲಿನ ಗರಣೆ.

"ಬೇಗ ಮುಗಿಸಪ್ಪಾ. ಜನ ಕಾಯ್ತಿದ್ದಾರೆ."

"ಬಾಯಲ್ಲೇ ಬಿಡ್ಲಾ ಸಾಮಿ?"

"ಹೇಗಾದ್ರೂ ಬಿಡು!"

"ನಿನ್ನೆ ಎಂಜಲಾಗಿತ್ತು."

ಅರ್ಚಕರು ಅತ್ತ ತಿರುಗಿದರು. "ನಾನು ನೋಡೋದಿಲ್ಲ. ಮಾಡು."

"ಬಂಡೆ ಜ್ಞಾಪಕ ಐತಲ್ಲ?" ಕೋದಂಡರಾಮಪ್ಪ ಕೇಳಿದರು.

ಬಾವ ಗೋಡೆಗೆ ಮುಖಮಾಡಿ ಕುಕ್ಕರಿಸಿದ. ಉಳಿಯನ್ನು ಕಂಡಿಗೆ ತೂರಿಸಿ, ಅಕ್ಕ ಕೊಟ್ಟ ಚೊಂಬಿನಿಂದ ಬಾಯಿ ತುಂಬ ನೀರು ತುಂಬಿಕೊಂಡ. ಅವನು ನಿಧಾನವಾಗಿ ತಿರುಗಿ ಕೋದಂಡರಾಮಪ್ಪನವರ ಮುಖವನ್ನೇ ನೋಡಿದ. ಗಂಟಲಮಣಿ ಮೇಲೇರಿತು, ಇಳಿಯಿತು. ನೀರಷ್ಟನ್ನೂ ನುಂಗಿದ.

"ದಾಹ ಆಗಿತ್ತು," ಎಂದು ಉಳಿಯನ್ನು ಹಿಂದಕ್ಕೆಳೆದುಕೊಂಡ.

ಹೊರಗಿನವರೆದುರು ಎಂದೂ ಮನೆಮಾತಾದ ತೆಲುಗು ಆಡದ ಅಕ್ಕ ಗಟ್ಟಿಯಾಗಿ ಹೇಳಿದಳು: "ಪದ, ಪೋದಾಂ."

ನಾವು ಹೊರಟೆವು. ನಮ್ಮ ತಾಯಂದಿರನ್ನೆಲ್ಲ ಹೆಸರಿಸಿ ಬಯ್ಯುತ್ತ ಬಂಡೆಗೆ ಬೇಲಿ ಹಾಕಿಸುವೆನೆಂದು ಕೋದಂಡರಾಮಪ್ಪ ಕೂಗುತ್ತಿದ್ದರು. ಗುಡಿಯ ಮುಂದೆ ಹಾಯುವಾಗ ಕಂಡೆ: ಹೊಸ್ತಿಲು ಮೀರಿದ ಕೊಳೆಹಾಲು ಮೆಟ್ಟಿಲು ಮೆಟ್ಟಿಲಾಗಿ ಇಳಿದು, ಬಾವ ಕೆತ್ತಿದ ಆ ಹೆಸರಿನ ಒಂದೊಂದೇ ಅಕ್ಷರದೊಳಗೆ ತುಂಬಿಕೊಳ್ಳುತ್ತಿತ್ತು. ಅದರ ಮೇಲೆ ನೊಣಗಳು ಕಪ್ಪಗೆ ಕುಳಿತಿದ್ದವು.