ಬಾಯಿ ಬಿಟ್ಟು ಕೇಳಿದ ಬಾಡಿಗೆ

ಮನೆಗೂ ಅವರೇ ಯಜಮಾನರು, ಹೆಂಡತಿಗೂ ಅವರೇ ಯಜಮಾನರು. ಎರಡೂ ಕಡೆ ಹೆಸರಿಗಷ್ಟೇ. ಕೆಳಗಿನ ಕೋಣೆಯನ್ನು ಒಬ್ಬ ಹಲ್ಲಿನ ಡಾಕ್ಟರಿಗೆ ಕೊಟ್ಟು, ಗಂಡ ಹೆಂಡತಿ ಮಹಡಿ ಮೇಲೆ ಇದ್ದರು. ಬಾಡಿಗೆ ಬರುವುದು ನಿಂತು ಅರ್ಧ ವರ್ಷವಾಗಿತ್ತು. ಪಾಪ, ಡಾಕ್ಟರಿಗೂ ಕಷ್ಟ. ಬೋರ್ಡಿಗೆ ಹೊಸ ದೀಪ ಹಾಕಿಸಿದ್ದ.

ಹೆಂಡತಿಯ ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ನಿಗೆ ಆ ಬಾಡಿಗೆಯೇ ಗತಿ. ಉಪ್ಪೋ ಸಕ್ಕರೆಯೋ ಎಂದು ನಾಲಿಗೆಗೆ ಹಚ್ಚಿ ನೋಡಿ ಆಕೆ ಅಡುಗೆ ಮಾಡುತ್ತಿದ್ದಳು.

“ಹೋಗಿ ಬಾಯಿ ಬಿಟ್ಟು ಕೇಳ್ರೀ. ಕೇಳೋಕೇನು ಧಾಡಿ ನಿಮಗೆ?”

ಯಜಮಾನರು ಪ್ರತಿ ಸಲವೂ ಎದೆ ಸೆಟೆಸಿಕೊಂಡೇ ಹೋಗುತ್ತಿದ್ದರು. ಡಾಕ್ಟರ್ ಮಹಾ ವಿನಯವಂತ. “ಬನ್ನಿ ಸಾರ್, ನಿಂತೇ ಮಾತಾಡೋದಾ?” ಎಂದು ಕೂರಿಸುತ್ತಿದ್ದ. ಅಲ್ಲಿದ್ದ ಕುರ್ಚಿ ಒಂದೇ, ಕೂತವರನ್ನು ಮಲಗಿಸುವ ಕುರ್ಚಿ. “ಬಾಡಿಗೆ ವಿಷಯ...” ಎಂದು ಯಜಮಾನರು ಬಾಯಿ ಬಿಟ್ಟರೆ, “ಹಾಂ, ಹಾಗೇ ಬಿಟ್ಕೊಂಡಿರಿ!” ಎಂದು ಒಳಗೆ ಕನ್ನಡಿ ತೂರಿಸುತ್ತಿದ್ದ. “ಅಯ್ಯೋ, ಇದು ಒಳಗೇ ಹಾಳಾಗಿದೆ ಸಾರ್. ನಿಮ್ಮ ಹತ್ರ ದುಡ್ಡು ತಗೋತೀನಾ? ಬಾಡಿಗೇಲಿ ಮುರ್ಕೊಂಡ್ರಾಯ್ತು.”

ಗಟ್ಟಿಮುಟ್ಟಾದ ಹಲ್ಲೊಂದು ತಟ್ಟೆಗೆ ಬಿದ್ದು ಟಣ್ ಎನ್ನುತ್ತಿತ್ತು. ಯಜಮಾನರು ಹತ್ತಿ ಕಚ್ಚಿಕೊಂಡು ಮಹಡಿ ಹತ್ತುತ್ತಿದ್ದರು. ಹೆಂಡತಿ ಏನು ಕೇಳಿದರೂ “ಹೂಂ”. ಕಣ್ಣು ಮಂಜಾದವಳಿಗೆ ಗಂಡನ ಬಾಯಿ ಎಲ್ಲಿ ಕಾಣಬೇಕು? ಮಾತು ತೊದಲಿದರೆ ಸಂಕೋಚಕ್ಕೆ ಎಂದುಕೊಂಡಳು. ನಿಜ ಹೇಳಲು ಅವರಿಗೂ ಮುಖವಿರಲಿಲ್ಲ.

ಒಂದು ಬೆಳಿಗ್ಗೆ ಆಕೆಯೇ ಗೋಡೆ ಹಿಡಿದು ಮೆಟ್ಟಿಲಿಳಿದಳು. ಹಿಂದೆ ಯಜಮಾನರು. ಬೆಂಚಿನ ತುಂಬ ಕೆನ್ನೆ ಊದಿದ ರೋಗಿಗಳು.

“ಬನ್ನಿ ಅಮ್ಮ, ಕೂತ್ಕೊಳ್ಳಿ. ಬಾಯಿ ಬಿಡಿ, ನೋಡೋಣ.”

ಆಕೆ ಕೂತಳು. ಬಾಯಿ ಬಿಟ್ಟಳು. ಮೇಲಿನ ಹಲ್ಲುಸೆಟ್ಟು, ಕೆಳಗಿನ ಹಲ್ಲುಸೆಟ್ಟು ಎರಡನ್ನೂ ತೆಗೆದು ಅವನ ತಟ್ಟೆಯಲ್ಲಿಟ್ಟಳು.

“ನನ್ನ ಬಾಯಲ್ಲಿ ಕೀಳೋಕೆ ಏನೂ ಇಲ್ಲಪ್ಪ. ಈಗ ನೀನು ಬಾಯಿ ಬಿಡು. ಬಾಡಿಗೆ ಎಲ್ಲಿ? ಅದು ಬರೋವರೆಗೂ ನಾನು ಈ ಕುರ್ಚಿ ಬಿಟ್ಟು ಏಳಲ್ಲ.”

ಡಾಕ್ಟರ್ ನಕ್ಕ, ಗೋಗರೆದ, ಕಾನೂನು ಮಾತಾಡಿದ. ಆಕೆ ಆರಾಮಾಗಿ ಕಾಲು ಚಾಚಿದಳು. ಬೆಂಚಿನ ನರಳಾಟ ಜೋರಾಯಿತು. “ಕೊಟ್ಟು ಕಳಿಸ್ರೀ ಡಾಕ್ಟ್ರೇ, ಇಲ್ಲಿ ಪ್ರಾಣ ಹೋಗ್ತಿದೆ!” ಎಂದು ಒಬ್ಬ ಕೆನ್ನೆ ಹಿಡಿದುಕೊಂಡೇ ಕೂಗಿದ. ಮಧ್ಯಾಹ್ನದೊಳಗೆ ಡ್ರಾಯರಿನಿಂದ ಬಾಡಿಗೆಯೆಲ್ಲ ಹೊರಬಂತು. ಆ ಕೋಣೆಯಲ್ಲಿ ಡಾಕ್ಟರಿಗೇ ನೋವಾದದ್ದು ಅದೇ ಮೊದಲು.

ಆಪರೇಷನ್ ಆಯಿತು. ಪಟ್ಟಿ ಬಿಚ್ಚಿದ ದಿನ ಯಜಮಾನರು ಖುಷಿಯಲ್ಲಿ ಮೈಮರೆತು, ಹೆಂಡತಿಯ ಮುಂದೆ ಬಾಯ್ತುಂಬ ನಕ್ಕುಬಿಟ್ಟರು. ಆಕೆಯ ನಗು ಅಲ್ಲೇ ನಿಂತಿತು.

“ಬಾಯಿ ಬಿಡಿ.”

ಬಿಟ್ಟರು. ಗದ್ದ ಹಿಡಿದು ಬೆಳಕಿಗೆ ತಿರುಗಿಸಿ, ಆಕೆ ಖಾಲಿ ಜಾಗಗಳನ್ನೆಲ್ಲ ನೋಡಿದಳು.

“ಬಾಡಿಗೆ ಕೇಳೋಕೆ ಹೋದಾಗೆಲ್ಲ ಒಂದೊಂದಾ?”

“ಹೂಂ.”

“ಆದ್ರೂ ಮತ್ತೆ ಮತ್ತೆ ಹೋದ್ರಾ?”

“ನಿನ್ನ ಕಣ್ಣು...” ಎಂದರು. ಉಳಿದ ಮಾತು ಹಲ್ಲಿನ ಸಂದಿಯಲ್ಲಿ ಸೋರಿಹೋಯಿತು.

“ಇಂಥ ದಡ್ಡರನ್ನ ನೋಡೋಕೇ ಕಣ್ಣು ಬಂತಾ ನನಗೆ?” ಎಂದು ಬೈದಳು. ಕೆಲವು ದಿನ ಅಳಬಾರದು ಎಂದು ಕಣ್ಣಿನ ಡಾಕ್ಟರು ಹೇಳಿ ಕಳಿಸಿದ್ದರು. ಆಕೆ ಕೇಳಲಿಲ್ಲ.